ಮಂಗನ ಕಾಯಿಲೆ ಓದುವಾಗ ದರಕಿನ ಬಗ್ಗೆಯೂ ಓದಿ

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಮೊದಲ ವರ್ಷದ ಅಸೈನ್‌ಮೆಂಟಿನಲ್ಲಿ "ಮಂಗನ ಕಾಯಿಲೆ ಮಂಗಗಳಿಂದ ಮನುಷ್ಯರಿಗೆ ಹರಡುತ್ತದೆ" ಎಂದು ಬರೆದಿದ್ದೆ. ಮೇಷ್ಟ್ರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು "ಹೇಗೆ?" ಎಂದಷ್ಟೇ ಬರೆದರು. ಅಂಕ ಹೋಯಿತು. ಆ "ಹೇಗೆ"ಗೆ ಉತ್ತರ ಹುಡುಕುತ್ತಾ ಮಾಡಿಕೊಂಡ ಟಿಪ್ಪಣಿ ಇದು. ಸಮಾಜಶಾಸ್ತ್ರ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಜೀವಶಾಸ್ತ್ರದವರಿಗೆ ಉಣುಗಿನ (ರಕ್ತ ಹೀರುವ ಉಣ್ಣೆಯ) ಭಾಗ ಗೊತ್ತಿರುತ್ತದೆ, ಹಾರಿಸಿಕೊಂಡು ಹೋಗಿ.

ಕ್ಯಾಸನೂರು, 1957

ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿ ಕ್ಯಾಸನೂರು ಕಾಡಿದೆ. 1957ರ ಬೇಸಿಗೆಯಲ್ಲಿ ಅಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತು ಬೀಳುತ್ತಿದ್ದವು. ಸುತ್ತಲಿನ ಹಳ್ಳಿಗಳ ಜನರಿಗೂ ಜೋರು ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು (ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆಯ ಹಳೆಯ ಹೆಸರು ಅದು). ಅವರಿಗೆ ಮೊದಲು ಬಂದ ಹೆದರಿಕೆ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಎದ್ದಾಗಲೂ ಹೀಗೆಯೇ ಮಂಗಗಳು ಮೊದಲು ಸಾಯುತ್ತವೆ. ಭಾರತಕ್ಕೆ ಆ ಜ್ವರ ಅದುವರೆಗೆ ಬಂದಿರಲಿಲ್ಲ. ಬಂದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಆದರೆ ಸಿಕ್ಕಿದ್ದು ಬೇರೆಯೇ ವೈರಸ್. ಅದರ ಹತ್ತಿರದ ನೆಂಟರು ಇದ್ದದ್ದು ರಷ್ಯಾದ ಕಾಡುಗಳಲ್ಲಿ. ಆ ರಷ್ಯಾದ ಜ್ವರಗಳು ಹರಡುವುದು ಉಣುಗಿನಿಂದ. ಹಾಗಾಗಿ ಇಲ್ಲಿಯೂ ಹಳದಿ ಜ್ವರ ಹರಡುವ ಸೊಳ್ಳೆಯನ್ನು ಬಿಟ್ಟು ಉಣುಗಿನ ಕಡೆ ನೋಡಿದರು. ಕಾಯಿಲೆಗೆ ಕಾಡಿನ ಹೆಸರೇ ಬಂತು: ಕ್ಯಾಸನೂರು ಕಾಡಿನ ಕಾಯಿಲೆ, ಚಿಕ್ಕದಾಗಿ ಕೆಎಫ್‌ಡಿ. ಜನ ಮಾತ್ರ ಕಣ್ಣಿಗೆ ಕಂಡದ್ದನ್ನು ನೋಡಿ ಹೆಸರಿಟ್ಟರು. ಮಂಗ ಸತ್ತದ್ದು ಕಾಣುತ್ತದೆ, ಉಣುಗು ಕಚ್ಚಿದ್ದು ಕಾಣುವುದಿಲ್ಲ. ನಾನು ತಪ್ಪಿದ್ದೂ ಅಲ್ಲೇ.

ಉಣುಗು ಅಂದರೆ

ದನದ ಮೈಮೇಲೆ ಕಾಳಿನ ಹಾಗೆ ಊದಿಕೊಂಡು ಕೂತಿರುತ್ತದಲ್ಲ, ಅದೇ. ಕೆಲವು ಕಡೆ ಉಣ್ಣೆ ಅನ್ನುತ್ತಾರೆ. ಈ ಕಾಯಿಲೆಗೆ ಮುಖ್ಯವಾದ ಜಾತಿಯ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಒಮ್ಮೆ ಬರೆದು ಕಲಿತುಕೊಳ್ಳಿ, ಅಷ್ಟು ಸಾಕು. ಅದಕ್ಕಿಂತ ಅದರ ಬದುಕಿನ ಕ್ಯಾಲೆಂಡರ್ ಮುಖ್ಯ.

ಮೊಟ್ಟೆ ಒಡೆದ ಮೇಲೆ ಮೂರು ಹಂತ: ಮರಿ, ನಡುವಯಸ್ಸು, ಬೆಳೆದದ್ದು. ಪ್ರತಿ ಹಂತದಲ್ಲೂ ಒಂದು ಪ್ರಾಣಿಯ ರಕ್ತ ಬೇಕು. ಬೆಳೆದ ಉಣುಗು ಮಳೆಗಾಲದಲ್ಲಿ ದೊಡ್ಡ ಪ್ರಾಣಿಗಳನ್ನು ಹಿಡಿಯುತ್ತದೆ, ಮುಖ್ಯವಾಗಿ ದನಗಳನ್ನು. ಮಳೆ ಮುಗಿದ ಮೇಲೆ ಮರಿಗಳು ಬರುತ್ತವೆ. ನಡುವಯಸ್ಸಿನವು ಡಿಸೆಂಬರಿನಿಂದ ಮೇ ತನಕ ನೆಲದ ಹತ್ತಿರ, ಒಣ ಎಲೆಯ ಮೇಲೆ ಕಾಯುತ್ತಿರುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಇವೇ. ಎಳ್ಳು ಕಾಳಿನಷ್ಟೂ ಇರುವುದಿಲ್ಲ. ಕಚ್ಚಿದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ.

ಇಲ್ಲಿ ಮೂರು ಪ್ರಾಣಿಗಳ ಪಾತ್ರ ಬೇರೆ ಬೇರೆ. ಪರೀಕ್ಷೆಯಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುವುದು ಇದನ್ನೇ. ಮಂಗದ ಮೈಯಲ್ಲಿ ವೈರಸ್ ಚೆನ್ನಾಗಿ ಹೆಚ್ಚುತ್ತದೆ, ಕಪ್ಪು ಮುಖದ ಮುಸಿಯ ಮತ್ತು ಕೆಂಪು ಮುಖದ ಮಂಗ ಎರಡರಲ್ಲೂ. ಅದು ಸತ್ತಾಗ ಮೈಮೇಲಿದ್ದ ಉಣುಗುಗಳೆಲ್ಲ ಆ ಜಾಗದಲ್ಲೇ ಉದುರುತ್ತವೆ. ಆಮೇಲೆ ಆ ಜಾಗ ತುಳಿದವರಿಗೆ ಅಪಾಯ. ಮಂಗ ಸತ್ತ ಜಾಗದ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹಾಕುವುದು ಇದಕ್ಕಾಗಿಯೇ. ದನದ ಮೈಯಲ್ಲಿ ವೈರಸ್ ಹೆಚ್ಚುವುದಿಲ್ಲ, ಆದರೆ ಉಣುಗುಗಳು ಹೊಟ್ಟೆ ತುಂಬಿಸಿಕೊಂಡು ಸಂಸಾರ ಬೆಳೆಸುವುದು ದನದ ಮೇಲೆಯೇ. ಅಂದರೆ ದನ ವೈರಸ್ ಸಾಕುವುದಿಲ್ಲ, ಉಣುಗು ಸಾಕುತ್ತದೆ. ಇನ್ನು ಮನುಷ್ಯನಲ್ಲಿಗೆ ಬಂದರೆ ವೈರಸ್‌ಗೆ ದಾರಿ ಮುಗಿಯಿತು. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ಆದರೂ ಜ್ವರ ಬಂದವರ ಮನೆಯಿಂದ ಜನ ದೂರ ನಿಲ್ಲುತ್ತಾರೆ. ಹೆದರಿಕೆಗೆ ಪಾಠ ಬೇಡ, ಅಲ್ವಾ?

ದರಕು

ಈಗ ಡಿಸೆಂಬರಿನಿಂದ ಮೇ ತನಕ ಮಲೆನಾಡಿನಲ್ಲಿ ಏನು ಕೆಲಸ ನಡೆಯುತ್ತದೆ, ಯೋಚಿಸಿ. ಅಡಿಕೆ ತೋಟ ಇರುವ ಊರುಗಳಲ್ಲಿ ಇದು ದರಕು ಗುಡಿಸುವ ಕಾಲ. ದರಕು ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆ, ಬೇರೆ ಕಡೆಯವರ ತರಗು. ಅದನ್ನು ಗುಡ್ಡೆ ಮಾಡಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತರುತ್ತಾರೆ. ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸುತ್ತಾರೆ. ಸಗಣಿ, ಗಂಜಲ ಸೇರಿ ಅದು ಗೊಬ್ಬರವಾಗುತ್ತದೆ, ಗೊಬ್ಬರ ತೋಟಕ್ಕೆ ಹೋಗುತ್ತದೆ. ಇದಕ್ಕೆಂದೇ ತೋಟದ ಜೊತೆಗೆ ಸೊಪ್ಪಿನ ಬೆಟ್ಟ (ಸೊಪ್ಪು, ದರಕು ತರಲು ಕಾಡಿನ ತುಂಡು) ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಇದೆ.

ಉಣುಗು ಕಾಯುವ ತಿಂಗಳು, ಕಾಯುವ ಜಾಗ, ಈ ಕೆಲಸದ ತಿಂಗಳು, ಜಾಗ, ಎಲ್ಲ ಒಂದೇ. ಸುಮ್ನೆ "ಕಾಡಿಗೆ ಹೋಗುವವರಿಗೆ ಅಪಾಯ" ಎಂದು ಬರೆದರೆ ಉತ್ತರ ಅರ್ಧ. ಕಾಡಿಗೆ ಯಾರು ಹೋಗುತ್ತಾರೆ? ತೋಟದ ಯಜಮಾನರು ದರಕು ಗುಡಿಸುವುದು ಕಡಿಮೆ. ಗುಡಿಸುವವರು ಕೂಲಿಯವರು, ಅವರಲ್ಲಿ ಹೆಂಗಸರು ಬಹಳ. ಸೌದೆ ತರುವವರು, ದನ ಮೇಯಿಸುವವರು, ಅರಣ್ಯ ಇಲಾಖೆಯ ದಿನಗೂಲಿಗಳು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಕಾಯಿಲೆ ಕಾಣಿಸಿದಾಗ ಸಿಕ್ಕಿಬಿದ್ದದ್ದು ಸತ್ತ ಮಂಗಗಳನ್ನು ಸುಡಲು ಹೋದ ಕೆಲಸಗಾರರು. 2015ರಲ್ಲಿ ಗೋವಾದ ಸತ್ತರಿ ತಾಲೂಕಿನಲ್ಲಿ ಗೇರು ಕೊಯ್ಲಿಗೆ ಹೋದವರು. ನಕ್ಷೆ ಬದಲಾಗುತ್ತದೆ, ಕೆಲಸದ ಬಗೆ ಬದಲಾಗುವುದಿಲ್ಲ.

ಬೆಳ್ತಂಗಡಿಯ ಪಾಠ

ನನಗೆ ಇಡೀ ವಿಷಯದಲ್ಲಿ ಜಾಸ್ತಿ ಕಾಡಿದ್ದು 1982-83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿಯಲ್ಲಿ ಆದದ್ದು. ಅಲ್ಲಿಯ ತನಕ ಇದು ಶಿವಮೊಗ್ಗ, ಉತ್ತರ ಕನ್ನಡದ ಕಾಯಿಲೆ ಎಂದೇ ಲೆಕ್ಕ. ಬೆಳ್ತಂಗಡಿ ತಾಲೂಕಿನಲ್ಲಿ ಗೇರು ತೋಟ ಮಾಡಲು ಕಾಡನ್ನು ಬೋಳಿಸಿದರು. ಮಂಗಗಳು ಸತ್ತವು. ಆಮೇಲೆ ಮರ ಕಡಿಯಲು ಬಂದ ಕೂಲಿಯವರಿಗೆ ಜ್ವರ, ಅಲ್ಲಿಂದ ಸುತ್ತಲಿನ ಊರುಗಳಿಗೆ. ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು.

ಊರಿನ ಹಲವರು ಇದನ್ನು ದೈವದ ಮುನಿಸು ಎಂದುಕೊಂಡರು. ದೈವದ ಕಾಡನ್ನು ಕಡಿದರು, ಅದಕ್ಕೇ ಹೀಗಾಯಿತು ಎಂದು. ನಮ್ಮ ತರಗತಿಯಲ್ಲಿ ಇದನ್ನು ಓದಿದಾಗ ಯಾರೋ "ಮೂಢನಂಬಿಕೆ" ಎಂದು ಅಂಚಿನಲ್ಲಿ ಬರೆದು ಮುಂದೆ ಹೋದರು. ನಾನು ಒಪ್ಪಲಿಲ್ಲ. ಕಾಡು ಕಡಿದದ್ದಕ್ಕೂ ಜ್ವರಕ್ಕೂ ಸಂಬಂಧ ಇದೆ ಎಂದು ಆ ಜನ ಹೇಳಿದರು. ಪರಿಸರ ವಿಜ್ಞಾನಿಗಳೂ ಅದನ್ನೇ ಹೇಳುತ್ತಾರೆ. ಕಾಡು ಒಡೆದ ಕಡೆ ಮಂಗ, ಉಣುಗು, ದನ, ಮನುಷ್ಯ ಎಲ್ಲರೂ ಒಂದೇ ಅಂಚಿನಲ್ಲಿ ಸೇರುತ್ತಾರೆ. ಕಾರಣ ಹೇಳುವ ಭಾಷೆ ಬೇರೆ. ತಪ್ಪು ಯಾರದು ಎಂಬ ಪ್ರಶ್ನೆಗಂತೂ ಊರಿನವರ ಉತ್ತರವೇ ನೇರ: ಕಡಿದವರದು.

ಜ್ವರ ಹೇಗಿರುತ್ತದೆ

ಇದು ಚಿಕ್ಕದಾಗಿ. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ಹಣೆ ಸಿಡಿಯುವ ತಲೆನೋವು, ಮೈಕೈ ನೋವು, ಕೆಂಪು ಕಣ್ಣು, ವಾಂತಿ. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಒಂದೆರಡು ವಾರದಲ್ಲಿ ಬಹಳ ಜನ ಹುಷಾರಾಗುತ್ತಾರೆ. 10ರಿಂದ 20 ಶೇಕಡಾ ಜನರಿಗೆ ಜ್ವರ ಬಿಟ್ಟು ಮತ್ತೆ ಬರುತ್ತದೆ, ಆಗ ಮೆದುಳಿಗೆ ತೊಂದರೆಯಾಗಬಹುದು. ಸಾಯುವವರು 100ಕ್ಕೆ 3ರಿಂದ 5. ಈ ವೈರಸ್‌ಗೆಂದೇ ಔಷಧ ಇಲ್ಲ, ಬೇಗ ಗೊತ್ತಾಗಿ ಬೇಗ ಆಸ್ಪತ್ರೆಗೆ ಸೇರಿದರೆ ಉಳಿಸಿಕೊಳ್ಳಬಹುದು.

ಹಂದಿಗೋಡು ಕಾಯಿಲೆಯೂ ಶಿವಮೊಗ್ಗ ಜಿಲ್ಲೆಯದೇ, ಸಾಗರ ತಾಲೂಕಿನದು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದು ಮೂಳೆ ಮತ್ತು ಕೀಲಿನದು. ಎರಡನ್ನೂ ಕಲಸಿ ಬರೆದ ಉತ್ತರ ನಾನೇ ನೋಡಿದ್ದೇನೆ.

ಲಸಿಕೆ ಇತ್ತಲ್ಲ?

ಇತ್ತು. ಅದರ ಲೆಕ್ಕ ನೋಡಿ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್. 6ರಿಂದ 9 ತಿಂಗಳೊಳಗೆ ಬೂಸ್ಟರ್. ಆಮೇಲೆ ಐದು ವರ್ಷ, ವರ್ಷಕ್ಕೊಂದು. 7 ವರ್ಷದಿಂದ 65 ವರ್ಷದವರಿಗೆ. ಚುಚ್ಚಿದ ಜಾಗ ಚೆನ್ನಾಗಿ ನೋಯುತ್ತಿತ್ತು. ಕೂಲಿಗೆ ಹೋಗುವವರಿಗೆ ಕೈ ಎತ್ತಲಾಗದ ದಿನ ಅಂದರೆ ಸಂಬಳ ಇಲ್ಲದ ದಿನ. ಒಂದು ಅಧ್ಯಯನದ ಪ್ರಕಾರ ಎರಡು ಡೋಸ್ ಕೊಟ್ಟ ರಕ್ಷಣೆ ಶೇಕಡಾ 62, ಬೂಸ್ಟರ್ ಸೇರಿದರೆ 83. ಆದರೆ ಬೂಸ್ಟರ್‌ಗೆ ಬರುವವರೇ ಕಡಿಮೆಯಿದ್ದರು. "ಜನರಿಗೆ ಅರಿವಿಲ್ಲ" ಎಂದು ಬರೆಯುವುದು ಸುಲಭ. ಅರಿವಿದ್ದೂ ಎಂಟು ಸಲ ಕೈ ಚಾಚಬೇಕೆಂದರೆ ನಾನೂ ಹಿಂಜರಿಯುತ್ತಿದ್ದೆ.

2018ರ ಕೊನೆಯಲ್ಲಿ ಸಾಗರ ತಾಲೂಕಿನ ಅರಲಗೋಡು ಸುತ್ತ ಕಾಯಿಲೆ ಜೋರಾಗಿ ಎದ್ದು 2019ರ ಬೇಸಿಗೆ ತನಕ ಸಾವುಗಳಾದವು. ಆ ಹೊತ್ತಿಗೆ ಲಸಿಕೆಯ ಶಕ್ತಿಯ ಬಗ್ಗೆಯೇ ಪ್ರಶ್ನೆ ಎದ್ದಿತ್ತು. 2022ರಲ್ಲಿ ಅದನ್ನು ಕೊಡುವುದನ್ನು ನಿಲ್ಲಿಸಿದರು.

ಈಗ ಕೈಯಲ್ಲಿರುವುದು ಡೆಪಾ ಎಣ್ಣೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ಮಾಡಿದ, ಉಣುಗು ಹತ್ತಿರ ಬರದ ಹಾಗೆ ತಡೆಯುವ ಎಣ್ಣೆ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಬೆವರು ಸುರಿಯುವ ಕೆಲಸದಲ್ಲಿ ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಹಚ್ಚಿಕೊಂಡವರನ್ನೇ ಕೇಳಬೇಕು. ಮೈತುಂಬ ಬಟ್ಟೆ ಹಾಕಿಕೊಳ್ಳಿ, ಮನೆಗೆ ಬಂದ ತಕ್ಷಣ ಬಟ್ಟೆ ಬಿಚ್ಚಿ ನೆನೆಸಿ, ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ ಎನ್ನುತ್ತಾರೆ ಆಶಾ ಕಾರ್ಯಕರ್ತೆಯರು. ಒಳ್ಳೆಯ ಸಲಹೆ. ಮಲೆನಾಡಿನ ಬಚ್ಚಲ ಹಂಡೆಯ ನೀರು ಕಾಯುವುದು ಸೌದೆಯ ಒಲೆಯಲ್ಲಿ. ಆ ಸೌದೆಯನ್ನು ತರಲು ಹೋಗುವುದೂ ಅದೇ ಕಾಡಿಗೆ, ಅದೇ ತಿಂಗಳುಗಳಲ್ಲಿ.