ಈ ಚಿಪ್‌ಗೆ ಕ್ರಿಸ್ಟಲ್ ಬೇಕೇ ಬೇಕಾ?

ಹವ್ಯಾಸಿಗಳು ಕೋಡ್ ಬರೆದು ಆಡುವ ಪುಟ್ಟ ಆರ್ಡುಯಿನೋ ಉನೋ ಆರ್3 ಬೋರ್ಡ್ ನೋಡಿದ್ದೀರಲ್ವಾ? ಯುಎಸ್‌ಬಿ ಸಾಕೆಟ್ ಹತ್ತಿರ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿಯಿದೆ. ಅದು ಮುಖ್ಯ ಚಿಪ್‌ನ ಕ್ರಿಸ್ಟಲ್ (ಕಂಪಿಸುತ್ತಾ ಚಿಪ್‌ಗೆ ತಾಳ, ಅಂದರೆ ಕ್ಲಾಕ್, ಕೊಡುವ ಕ್ವಾರ್ಟ್ಜ್ ಚೂರು) ಅಂತ ಎಷ್ಟೋ ಜನ ನಂಬಿದ್ದಾರೆ. ಅಲ್ಲ, ಅದು ಯುಎಸ್‌ಬಿ ನೋಡಿಕೊಳ್ಳುವ ಇನ್ನೊಂದು ಚಿಪ್‌ನದು. ನಮ್ಮ ಕೋಡ್ ಓಡುವ ಎಟಿಮೆಗಾ328ಪಿಗೆ ಸಿಕ್ಕಿರುವುದು ಅದೇ ಕೆಲಸವನ್ನು ಸ್ವಲ್ಪ ಒರಟಾಗಿ ಮಾಡುವ ಬರೀ ಸೆರಾಮಿಕ್ ರೆಸೊನೇಟರ್. ಅದರ ತಾಳ 0.5% ಆಚೀಚೆ ಆಗಬಹುದು, ಆದರೂ ಆರಾಮಾಗಿ ನಡೆಯುತ್ತದೆ.

ಹಾಗಾಗಿ 'ಹೊರಗಿನ ಕ್ರಿಸ್ಟಲ್ಲೇ ಯಾವಾಗಲೂ ಒಳ್ಳೆಯದು' ಅಂದವರಿಗೆ ನಾನು ಕೇಳುವುದು ಒಂದೇ: ನಿಮ್ಮ ಚಿಪ್ ಯಾರ ಜೊತೆ ಮಾತಾಡಬೇಕು? ಎಲ್‌ಇಡಿ ಮಿನುಗಿಸಲು, ಬಟನ್ ಓದಲು ಚಿಪ್ ಒಳಗೇ ಇರುವ ಆರ್‌ಸಿ ಆಸಿಲೇಟರ್ (ರೆಸಿಸ್ಟರ್, ಕೆಪಾಸಿಟರ್‌ನಿಂದ ಆದ ಕ್ಲಾಕ್) ಧಾರಾಳ ಸಾಕು.

ಒಂದೊಂದೇ ಬಿಟ್ ಆಗಿ ಮಾಹಿತಿ ಕಳಿಸುವ ಸೀರಿಯಲ್ ಪೋರ್ಟ್ ಬಂದಾಗ ಲೆಕ್ಕ ಶುರು. ಎರಡು ಚಿಪ್‌ಗಳ ನಡುವೆ ಕ್ಲಾಕ್ ತಂತಿ ಇರುವುದಿಲ್ಲ. ಶುರುವಿನ ಗುರುತಾದ ಸ್ಟಾರ್ಟ್ ಬಿಟ್ ಬಿದ್ದ ಕೂಡಲೇ ಕೇಳುವ ಚಿಪ್ ತನ್ನದೇ ಎಣಿಕೆ ಹಿಡಿದು ಪ್ರತಿ ಬಿಟ್‌ನ ನಟ್ಟನಡುವೆ ಇಣುಕುತ್ತದೆ. ಒಂದು ಸಲಕ್ಕೆ ಒಟ್ಟು 10 ಬಿಟ್, ಕೊನೆಯದರ ನಡುಭಾಗ ಬರುವುದು 9.5 ಬಿಟ್ ಕಳೆದ ಮೇಲೆ. ಅಷ್ಟರೊಳಗೆ ಅರ್ಧ ಬಿಟ್ ಜಾರಿದರೆ ಕೆಟ್ಟಿತು, ಅಂದರೆ ಎರಡೂ ಕಡೆ ಸೇರಿ ಸುಮಾರು 5%. ಒಂದೊಂದು ಕಡೆಗೆ 2% ಅಂತ ಇಟ್ಟುಕೊಂಡರೆ ಕ್ಷೇಮ. ಅಕ್ಕಪಕ್ಕ ನಡೆಯುವ ಇಬ್ಬರು ಹತ್ತು ಹೆಜ್ಜೆಗೊಮ್ಮೆ ನಿಂತು ಮತ್ತೆ ಸಾಲಾಗಿ ಹೊರಟ ಹಾಗೆ, ಮುಂದಿನ ಸ್ಟಾರ್ಟ್ ಬಿಟ್‌ಗೆ ಹಳೆಯ ತಪ್ಪೆಲ್ಲ ಸೊನ್ನೆಯಾಗುತ್ತದೆ.

328ಪಿಯ ಒಳಗಿನ ಆಸಿಲೇಟರ್ ಕಾರ್ಖಾನೆಯಿಂದ ಬರುವಾಗ 10%ವರೆಗೂ ತಪ್ಪಿರಬಹುದು. ಅದರ ವೇಗ ಹೊಂದಿಸುವ ಓಎಸ್‌ಸಿಸಿಎಎಲ್ ರಿಜಿಸ್ಟರ್‌ನಲ್ಲಿರುವ ಸಂಖ್ಯೆ ತಿದ್ದಿದರೆ 1%ಗೆ ತರಬಹುದು. ಇನ್ನೊಂದು ಕಡೆ ನೋಡಿ, ಅಪ್ಪಟ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದರೂ 115200 ಬಾಡ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಿಟ್) 2.1% ತಪ್ಪು ಇದ್ದೇ ಇರುತ್ತದೆ! ಭಾಗಾಕಾರ ಸರಿಯಾಗಿ ಹೋಗುವುದಿಲ್ಲ, ಅಷ್ಟೇ. 8051 ಅನ್ನುವ ಹಳೆಯ ಚಿಪ್ ಜೊತೆ 11.0592 ಮೆಗಾಹರ್ಟ್ಸ್ ಅನ್ನುವ ವಿಚಿತ್ರ ಕ್ರಿಸ್ಟಲ್ ಬಳಸುತ್ತಿದ್ದುದು ಇದಕ್ಕೇ. 12ರಿಂದ, 32ರಿಂದ, ಆಮೇಲೆ 3ರಿಂದ ಭಾಗಿಸಿ: ಶೇಷವಿಲ್ಲದೆ 9600 ಬಾಡ್.

ಗಡಿಯಾರ ಮಾಡುವುದಾದರೆ ಮಾತು ಬೇರೆ. ಅಲ್ಲಿ ತಪ್ಪು ಕೂಡುತ್ತಲೇ ಹೋಗುತ್ತದೆ. 1% ಅಂದರೆ ದಿನಕ್ಕೆ 864 ಸೆಕೆಂಡ್, 14 ನಿಮಿಷಕ್ಕೂ ಜಾಸ್ತಿ. ಹತ್ತು ಲಕ್ಷಕ್ಕೆ 20ರಷ್ಟು ತಪ್ಪುವ ಕ್ರಿಸ್ಟಲ್‌ನಲ್ಲಿ ಅದು 1.7 ಸೆಕೆಂಡ್. ಒತ್ತಿದರೆ ಕ್ವಾರ್ಟ್ಜ್ ವಿದ್ಯುತ್ ಹೊರಡಿಸುತ್ತದೆ ಅಂತ ಪಿಯೆರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್ ತೋರಿಸಿದ್ದು 1880ರಲ್ಲಿ. ಅದು ಸೀಕೋ ಕೈಗಡಿಯಾರವಾಗಿ ಅಂಗಡಿಗೆ ಬಂದದ್ದು 1969ರಲ್ಲಿ. ಈಗಿನ ಗಡಿಯಾರದ ಕ್ರಿಸ್ಟಲ್ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. 15 ಸಲ ಅರ್ಧ ಮಾಡಿ, ಸರಿಯಾಗಿ ಒಂದು ಸೆಕೆಂಡ್.

ಫುಲ್ ಸ್ಪೀಡ್ ಯುಎಸ್‌ಬಿಯಲ್ಲಿ ತಪ್ಪು 0.25% ದಾಟುವ ಹಾಗಿಲ್ಲ. ಹಾಗಾದರೆ ಕ್ರಿಸ್ಟಲ್ ಬೇಕೇ ಬೇಕು ಅಂದುಕೊಂಡಿರಾ? ಕೆಲವು ಎಸ್‌ಟಿಎಂ32 ಚಿಪ್‌ಗಳು ಕಂಪ್ಯೂಟರ್ ಪ್ರತಿ ಮಿಲಿಸೆಕೆಂಡ್ ಕಳಿಸುವ ಗುರುತನ್ನೇ ಕೇಳಿಸಿಕೊಂಡು ತಮ್ಮ ಒಳಗಿನ ಕ್ಲಾಕ್ ತಿದ್ದಿಕೊಳ್ಳುತ್ತವೆ.

ಕೊನೆಗೊಂದು ಕಿವಿಮಾತು: ಕ್ರಿಸ್ಟಲ್ ಇಲ್ಲದ ಎವಿಆರ್ ಚಿಪ್‌ಗೆ (328ಪಿ ಸೇರಿದ ಬಳಗ) ಹೊರಗಿನ ಕ್ರಿಸ್ಟಲ್‌ನ ಫ್ಯೂಸ್ (ಯಾವ ಕ್ಲಾಕ್ ಬಳಸಬೇಕು ಅಂತ ಹೇಳುವ ಸೆಟ್ಟಿಂಗ್) ಹಾಕಿಬಿಟ್ಟರೆ, ಕೋಡ್ ತುಂಬುವ ಪ್ರೋಗ್ರಾಮರ್ ಸಾಧನಕ್ಕೆ ಅದು ಸಿಗುವುದೇ ಇಲ್ಲ. ಸತ್ತಿತು ಅಂತ ಎಸೆಯಬೇಡಿ. ಕ್ಲಾಕ್ ಒಳಬರುವ ಎಕ್ಸ್‌ಟಾಲ್1 ಪಿನ್‌ಗೆ ಇನ್ನೊಂದು ಬೋರ್ಡ್‌ನಿಂದ ಒಂದು ಮೆಗಾಹರ್ಟ್ಸ್ ಚೌಕ ಅಲೆ ಕೊಡಿ, ಫ್ಯೂಸ್ ವಾಪಸ್ ಬರೆಯಿರಿ.