ಊರೆಲ್ಲ ನಂಬಿದರೆ ನಿಜವಾಗುತ್ತದೆಯೇ? ತಲಕಾಡಿನ ಮರಳಿನಿಂದ ಮಂಡ್ಯದ ಕಮಾನಿನವರೆಗೆ

‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ.’ ಮೈಸೂರು ಸೀಮೆಯಲ್ಲಿ ಈ ಮೂರು ಮಾತು ಕೇಳದವರು ಕಡಿಮೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವರ ಮಡದಿ ಅಲಮೇಲಮ್ಮ ಒಡವೆಗಳ ಸಮೇತ ತಲಕಾಡಿನ ಕಡೆ ಹೊರಟರು. ಒಡವೆಗಾಗಿ ಅರಸರ ಕಡೆಯವರು ಬೆನ್ನು ಹತ್ತಿದಾಗ ಹೀಗೆ ಶಪಿಸಿ ಮಾಲಂಗಿಯ ಬಳಿ ಕಾವೇರಿಗೆ ಹಾರಿದರು ಎಂಬುದು ಕಥೆ. ತಲಕಾಡಿನಲ್ಲಿ ಇವತ್ತಿಗೂ ದೇವಸ್ಥಾನಗಳಿಗೆ ಮರಳು ತುಳಿದುಕೊಂಡೇ ಹೋಗಬೇಕು. ಅರಮನೆಯಲ್ಲಿ ದತ್ತು ನಡೆದದ್ದೂ ಎಲ್ಲರಿಗೂ ಗೊತ್ತು. ಇಷ್ಟು ಜನ, ಇಷ್ಟು ತಲೆಮಾರು ಒಪ್ಪಿಕೊಂಡು ಬಂದದ್ದು ಸುಳ್ಳಾಗುವುದು ಹೇಗೆ ಎಂದು ಕೇಳುವವರಿದ್ದಾರೆ. ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ನಮ್ಮ ತರ್ಕಶಾಸ್ತ್ರದವರು ಸಾವಿರದೈನೂರು ವರ್ಷಕ್ಕೂ ಹಿಂದೆಯೇ ಇದನ್ನು ಎತ್ತಿಕೊಂಡು ಜಗಳವಾಡಿದ್ದಾರೆ.

ಪರಂಪರೆಯಿಂದ ಬಂದ ಮಾತನ್ನು, ಅಂದರೆ ಐತಿಹ್ಯವನ್ನು, ಪೌರಾಣಿಕರು ಒಂದು ಪ್ರತ್ಯೇಕ ಪ್ರಮಾಣವೆಂದೇ, ಅಂದರೆ ತಿಳಿವಿನ ಆಧಾರವೆಂದೇ, ಎಣಿಸಿದರು. ಗೌತಮರ ನ್ಯಾಯಸೂತ್ರ ಒಪ್ಪಲಿಲ್ಲ. ಐತಿಹ್ಯವೇನಿದ್ದರೂ ಶಬ್ದಪ್ರಮಾಣದೊಳಗೇ, ಅಂದರೆ ನಂಬಲರ್ಹರ ಮಾತೆಂಬ ಆಧಾರದೊಳಗೇ, ಬರಬೇಕು ಎಂದಿತು. ಭಾಷ್ಯ ಬರೆದ ವಾತ್ಸ್ಯಾಯನರು ಐತಿಹ್ಯವೆಂದರೆ ಮೊದಲು ಹೇಳಿದವರು ಯಾರೆಂದು ತಿಳಿಯದೆ ಬಾಯಿಂದ ಬಾಯಿಗೆ ಸಾಗಿ ಬಂದ ಮಾತು ಎಂದು ಬಿಡಿಸಿ ಹೇಳಿದರು. ‘ಈ ಆಲದ ಮರದಲ್ಲಿ ಯಕ್ಷನಿದ್ದಾನೆ’ ಎಂಬುದು ಶಾಸ್ತ್ರಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆ. ಶಬ್ದದೊಳಗೆ ಸೇರಿಸಿದ್ದರಲ್ಲಿ ಒಂದು ಬಿಗಿ ಇದೆ. ಶಬ್ದ ಪ್ರಮಾಣವಾಗಬೇಕಾದರೆ ಹೇಳಿದವನು ಆಪ್ತನಾಗಿರಬೇಕು: ವಿಷಯವನ್ನು ತಾನೇ ಅರಿತವನು, ಅರಿತದ್ದನ್ನು ಹಾಗೆಯೇ ಹೇಳುವವನು. ಮರದ ಕೆಳಗೆ ಎಷ್ಟು ಜನ ಕೈಮುಗಿದರು ಎಂಬ ಲೆಕ್ಕಕ್ಕೆ ಅಲ್ಲಿ ಬೆಲೆಯಿಲ್ಲ. ಮೊದಲು ಹೇಳಿದವನು ಯಕ್ಷನನ್ನು ಕಂಡಿದ್ದನೇ ಎಂಬುದಷ್ಟೇ ಪ್ರಶ್ನೆ.

ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರದು ಬೇರೆ ದಾರಿ. ತಿಳಿವು ತನ್ನಷ್ಟಕ್ಕೆ ಪ್ರಮಾಣ, ಅದನ್ನು ಅಲ್ಲಗಳೆಯುವ ಬಾಧಕ ಬರುವ ತನಕ ನಂಬಬಹುದು ಎಂದರು ಕುಮಾರಿಲರು. ನ್ಯಾಯಸೂತ್ರದ ಹಾದಿಯ ನೈಯಾಯಿಕರು, ದೂರದಲ್ಲಿ ನೀರು ಕಂಡರೆ ಹೋಗಿ ಕುಡಿದು ನೋಡಬೇಕು, ಬಾಯಾರಿಕೆ ತೀರಿದರೆ ಕಂಡದ್ದು ನೀರು ಎಂದರು. ಇಷ್ಟು ದೂರ ನಿಂತ ಈ ಎರಡು ಪಂಥಗಳೂ ಬಾಧಕ ಎದುರಾದ ಮೇಲೆ ನಂಬಿಕೆ ನಿಲ್ಲದು ಎಂಬುದರಲ್ಲಿ ಒಂದೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಎಂ. ಹಿರಿಯಣ್ಣನವರು ದಶಕಗಳ ಹಿಂದೆ ಪಾಠ ಹೇಳಿದ್ದು ಈ ವಾದಗಳನ್ನೇ. ಆ ಪಾಠಗಳಿಂದ ಮೂಡಿದ ಅವರ ಇಂಗ್ಲಿಷ್ ಗ್ರಂಥ 1932ರಲ್ಲಿ ಹೊರಬಂತು.

ಸತ್ಯಕ್ಕೆ ಸಮುದಾಯವೇ ಆಧಾರ ಎನ್ನುವವರು ಸಾಮಾನ್ಯವಾಗಿ ಅಮೆರಿಕದ ತತ್ತ್ವಜ್ಞಾನಿ ಚಾರ್ಲ್ಸ್ ಪರ್ಸ್ ಅವರ ಹೆಸರು ತರುತ್ತಾರೆ. ವಿಚಾರಣೆ ನಡೆಸುವವರೆಲ್ಲ ಕೊನೆಗೆ ಒಪ್ಪಲೇಬೇಕಾಗಿ ಬರುವ ಅಭಿಪ್ರಾಯವೇ ಸತ್ಯ ಎಂದು ಅವರು 1878ರಲ್ಲಿ ಬರೆದದ್ದು ನಿಜ. ಆದರೆ ಅವರ ಸಮುದಾಯ ಇವತ್ತಿನ ಊರಲ್ಲ, ಜಾತಿಯಲ್ಲ, ಪಕ್ಷವಲ್ಲ. ಇನ್ನೂ ಹುಟ್ಟದವರೂ ಸೇರಿದ, ಪರೀಕ್ಷೆಯನ್ನು ನಿಲ್ಲಿಸದ ಜನ ಅದು. ಹಟ ಹಿಡಿದು ನಂಬುವುದು, ಅಧಿಕಾರದ ಬಲದಿಂದ ನಂಬಿಸುವುದು, ಈ ಎರಡನ್ನೂ ಪರ್ಸ್ ಅದರ ಹಿಂದಿನ ವರ್ಷವೇ ಹೆಸರಿಸಿ ಬದಿಗಿಟ್ಟಿದ್ದರು. ಅವರನ್ನು ಉಲ್ಲೇಖಿಸುವವರು ಈ ಅರ್ಧವನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ವಿದ್ವಾಂಸರ ಒಮ್ಮತಕ್ಕೂ ಇದೇ ಮಿತಿ. ಕೌಟಿಲ್ಯನ ಅರ್ಥಶಾಸ್ತ್ರ ಕಳೆದುಹೋದ ಗ್ರಂಥ ಎಂಬುದು ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಎಲ್ಲರ ಮಾತಾಗಿತ್ತು. 1905ರಲ್ಲಿ ತಂಜಾವೂರಿನ ಪಂಡಿತರೊಬ್ಬರು ಒಂದು ಓಲೆಗರಿ ಕಟ್ಟನ್ನು ತಂದು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟರು. ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಇಲ್ಲವೆಂದು ಎಲ್ಲರೂ ನಂಬಿದ್ದ ಅಷ್ಟೂ ಕಾಲ ಗ್ರಂಥ ಇದ್ದೇ ಇತ್ತು.

ಈಗ ಮರಳಿನ ವಿಷಯ. ಶಾಪವನ್ನು ಇಡಿಯಾಗಿ ನಿಜ ಅಥವಾ ಸುಳ್ಳು ಎನ್ನಲು ಹೋಗುವುದೇ ಮೊದಲ ತಪ್ಪು. ಅದರಲ್ಲಿ ಮೂರು ಬೇರೆ ಬೇರೆ ಹೇಳಿಕೆಗಳಿವೆ, ಒಂದೊಂದಕ್ಕೂ ಪರೀಕ್ಷೆ ಬೇರೆ. ತಲಕಾಡು ಗಂಗರ ರಾಜಧಾನಿ, ಆಮೇಲೆ ಚೋಳರ ಕೈಗೆ ಹೋದದ್ದು. ಹೊಯ್ಸಳ ವಿಷ್ಣುವರ್ಧನ ಅದನ್ನು ಗೆದ್ದು 1117ರಲ್ಲಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ಅಷ್ಟು ದೊಡ್ಡ ಪಟ್ಟಣ ಮರಳಿನಡಿ ಹೋದದ್ದು ಕಣ್ಣಿಗೆ ಕಾಣುವ ಸಂಗತಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಿ.ಎಲ್. ರೈಸ್ ಅವರ ಗೆಜೆಟಿಯರ್ ಮರಳು ದಿಬ್ಬಗಳು ವರ್ಷಕ್ಕೆ 9–10 ಅಡಿ ಊರಿನ ಕಡೆ ಸರಿಯುತ್ತಿದ್ದವು, ಅದೂ ಮುಖ್ಯವಾಗಿ ಮುಂಗಾರಿನಲ್ಲಿ ಎಂದು ದಾಖಲಿಸಿದೆ.

ಮರಳು ಏಳಬೇಕಾದರೆ ಮೂರು ಕೂಡಿಬರಬೇಕು: ಒಣಗಿದ ಬರಿ ಮರಳು, ಒಂದೇ ದಿಕ್ಕಿನ ಗಾಳಿ, ಗಾಳಿಗೆ ಅಡ್ಡವಿಲ್ಲದ ದಂಡೆ. ಕಾಲು ಮಿಲಿಮೀಟರ್ ಗಾತ್ರದ ಕಣ ಗಂಟೆಗೆ ಸುಮಾರು 20 ಕಿ.ಮೀ. ಗಾಳಿಗೆ ನೆಲ ಬಿಟ್ಟು ಕುಪ್ಪಳಿಸತೊಡಗುತ್ತದೆ. ತೂಕದಲ್ಲಿ ನೂರಕ್ಕೆ ಎರಡು ಮೂರು ಪಾಲು ತೇವವಿದ್ದರೂ ಕಣಗಳು ಅಂಟಿಕೊಂಡು ಅದು ಏಳುವುದು ಕಷ್ಟ. ಹಾಗಾಗಿ ಹೊಳೆ ತುಂಬಿದ್ದಾಗ ಮರಳಿನ ಕಾಟವಿಲ್ಲ. ನೈಋತ್ಯದ ಗಾಳಿ ಬೀಸಲು ಹತ್ತಿ, ನೀರು ಇನ್ನೂ ಏರದ ದಿನಗಳೇ ಕೆಟ್ಟವು. ತಲಕಾಡು ಕಾವೇರಿಯ ತಿರುವಿನಲ್ಲಿ ಎಡದಂಡೆಯ ಮೇಲಿದೆ. ಪಾತ್ರದಿಂದೆದ್ದ ಮರಳಿಗೆ ಊರೇ ಎದುರು. ಮೇಲ್ಗಡೆ ಹೆಮ್ಮಿಗೆಯ ಬಳಿ ಮಾಧವಮಂತ್ರಿ ಅಣೆಕಟ್ಟೆ ಇದೆ, ಹದಿನಾಲ್ಕನೆಯ ಶತಮಾನದ್ದು ಎನ್ನುತ್ತಾರೆ. ಅದು ಹೊಳೆಯ ಹರಿವನ್ನು ಬದಲಿಸಿದ್ದರಿಂದ ಕೆಳಗಿನ ಪಾತ್ರ ಬರಿದಾಗಿ ಮರಳು ಗಾಳಿಗೆ ಸಿಕ್ಕಿತು ಎಂಬುದು ಸಂಶೋಧಕರ ವಿವರಣೆ. ಇದೂ ಒಂದು ಊಹೆಯೇ ಸರಿ. ಆದರೆ ಸುಳ್ಳಾಗಬಲ್ಲ ಊಹೆ: ಅಣೆಕಟ್ಟೆಗಿಂತ ಹಳೆಯ ದಿಬ್ಬ ಸಿಕ್ಕರೆ ಇದು ಬೀಳುತ್ತದೆ, 1610ಕ್ಕಿಂತ ಹಳೆಯ ದಿಬ್ಬ ಸಿಕ್ಕರೆ ಶಾಪದ ಮೊದಲ ಮಾತು ಬೀಳುತ್ತದೆ.

ದಿಬ್ಬದ ವಯಸ್ಸು ತಿಳಿಯುವ ವಿಧಾನವಿದೆ. ಮರಳಿನ ಬೆಣಚು ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂಬುದನ್ನು, ಕತ್ತಲಲ್ಲಿ ಅದು ಕೂಡಿಸಿಕೊಂಡ ಶಕ್ತಿಯನ್ನು ಬೆಳಕಾಗಿ ಹೊರಬರಿಸಿ ಲೆಕ್ಕ ಹಾಕುತ್ತಾರೆ. ಗುಂಡಿ ತೋಡಿ, ಅಂಗೈಯಗಲಕ್ಕಿಂತ ಚಿಕ್ಕ ಬಾಯಿಯ, ಒಂದು ಅಡಿಯಷ್ಟು ಉದ್ದದ ಉಕ್ಕಿನ ಕೊಳವೆಯನ್ನು ಗೋಡೆಗೆ ಬಡಿದು ಇಳಿಸಬೇಕು. ಎರಡೂ ಬಾಯಿ ಮುಚ್ಚಿ ಕಪ್ಪು ಚೀಲದಲ್ಲಿ ಸುತ್ತಿ, ಪ್ರಯೋಗಾಲಯದ ಮಂದ ಕೆಂಪು ಬೆಳಕಿನಲ್ಲಷ್ಟೇ ತೆರೆಯಬೇಕು. ತುದಿಯ ಮರಳಿಗೆ ಬಿಸಿಲು ತಾಗಿದ್ದರೆ ದಿಬ್ಬ ಇರುವುದಕ್ಕಿಂತ ಎಳೆಯದಾಗಿ ಕಾಣುತ್ತದೆ, ಆದ್ದರಿಂದ ಎರಡೂ ತುದಿಯ ಮರಳನ್ನು ತೆಗೆದು ನಡುವಿನದನ್ನು ಮಾತ್ರ ಬಳಸುತ್ತಾರೆ. ವರ್ಷಕ್ಕೆ 9–10 ಅಡಿ ಎಂಬ ಲೆಕ್ಕವನ್ನು ಹಿಂದಕ್ಕೆ ಎಳೆದು ಆರಂಭದ ವರ್ಷ ಕಂಡುಹಿಡಿಯುವುದು ಸುಲಭವಾಗಿ ತೋರಿದರೂ ಸರಿಯಲ್ಲ. ಬರದ ವರ್ಷದ ವೇಗ ಬೇರೆ, ನೆರೆಯ ವರ್ಷದ್ದು ಬೇರೆ. ಮರ ಬೆಳೆಸಿದ ಮೇಲಂತೂ ದಿಬ್ಬಗಳ ಓಟ ತಗ್ಗಿದೆ.

ಮಾಲಂಗಿಯ ಮಾತನ್ನು ಇಲ್ಲಿ ಬದಿಗಿಡೋಣ. ಮೂರನೆಯ ಮಾತಿಗೆ ಬೇಕಾದದ್ದು ವಂಶಾವಳಿ. ಚಿಕ್ಕದೇವರಾಜ ಒಡೆಯರು 1704ರಲ್ಲಿ ತೀರಿಕೊಂಡಾಗ ಪಟ್ಟಕ್ಕೆ ಬಂದದ್ದು ಅವರ ಮಗ ಇಮ್ಮಡಿ ಕಂಠೀರವ ನರಸರಾಜರು, 1714ರಲ್ಲಿ ಅವರ ಮಗ ದೊಡ್ಡ ಕೃಷ್ಣರಾಜರು. ಸಾಲಾಗಿ ಮೂರು ತಲೆಮಾರು, ದತ್ತು ಇಲ್ಲ. ಮುಮ್ಮಡಿ ಕೃಷ್ಣರಾಜರು 1865ರಲ್ಲಿ ದತ್ತು ತೆಗೆದುಕೊಂಡ ಚಾಮರಾಜೇಂದ್ರರಿಗೆ ನಾಲ್ವಡಿಯವರು ಸ್ವಂತ ಮಗ. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, ತಮ್ಮನ ಮಗ ಜಯಚಾಮರಾಜರು ಬಂದರು, ಅವರಿಗೆ ಶ್ರೀಕಂಠದತ್ತರು ಹುಟ್ಟಿದರು. ಹೀಗೆ ಮಕ್ಕಳಾದಾಗಲೆಲ್ಲ ಶಾಪದ ಮಾತೇ ತಿದ್ದುಪಡಿಯಾಯಿತು. ‘ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ತಗಲುತ್ತದೆ’ ಎಂಬ ಭಾಗ ಮೂಲದ ಮೂರು ಸಾಲಿನಲ್ಲಿಲ್ಲ. 2015ರಲ್ಲಿ ದತ್ತು ಬಂದ ಯದುವೀರರಿಗೆ 2017ರ ಡಿಸೆಂಬರ್‌ನಲ್ಲಿ ಗಂಡುಮಗುವಾದಾಗ ಶಾಪ ವಿಮೋಚನೆಯಾಯಿತು ಎಂದು ಸುದ್ದಿಯಾಯಿತು. ತಲೆಮಾರು ಬಿಟ್ಟು ತಲೆಮಾರು ಎಂಬ ಲೆಕ್ಕದಲ್ಲಿ ನೋಡಿದರೆ ದತ್ತು ಬಂದವರಿಗೆ ಮಗುವಾಗಲೇಬೇಕು. ಅದೇ ಮಗುವಿನಿಂದ ಶಾಪ ಮುಗಿಯಿತೆಂದೂ ಹೇಳಬಹುದು, ಮುಂದುವರಿದಿದೆಯೆಂದೂ ಹೇಳಬಹುದು. ಏನೇ ಆದರೂ ಸೋಲದ ಹೇಳಿಕೆ ಏನನ್ನೂ ತಿಳಿಸುವುದಿಲ್ಲ.

ಹೋಲಿಸಿ ನೋಡಲು ಬೇರೆ ಮನೆತನಗಳೂ ಇವೆ. ಸತಾರಾ, ನಾಗ್ಪುರ, ಝಾನ್ಸಿ, ಈ ಮೂರನ್ನೂ ಡಾಲ್‌ಹೌಸಿ 1848–54ರ ನಡುವೆ ನುಂಗಿದ್ದು ಸ್ವಂತ ಗಂಡುಮಕ್ಕಳಿಲ್ಲ, ದತ್ತು ಒಪ್ಪುವುದಿಲ್ಲ ಎಂಬ ನೆಪದಲ್ಲಿಯೇ. ಅಲ್ಲಿ ಅಲಮೇಲಮ್ಮ ಇರಲಿಲ್ಲ. ಸಿಡುಬಿನ ಕಾಲದಲ್ಲಿ ಮಕ್ಕಳನ್ನು ಕಳೆದುಕೊಳ್ಳದ ಮನೆಯೇ ಅಪರೂಪ.

ಸಮುದಾಯದ ಒಪ್ಪಿಗೆಯಿಂದಲೇ ನಿಜವಾಗುವ ಸಂಗತಿಗಳೂ ಇವೆ, ಅದನ್ನು ಮರೆಯಬಾರದು. ದತ್ತುಪುತ್ರ ವಾರಸುದಾರ ಎಂಬುದು ಒಪ್ಪಿಗೆಯಿಂದ ನಿಲ್ಲುವ ಸತ್ಯ. ನವರಾತ್ರಿಯ ಸಂದರ್ಭದಲ್ಲಿ ಅರಮನೆಯಲ್ಲಿ ಅಲಮೇಲಮ್ಮನವರಿಗೆ ಪೂಜೆ ಸಲ್ಲುವುದು ಸಹ ನಂಬಿಕೆ ಹುಟ್ಟಿಸಿದ ನಿಜವೇ. ಅನ್ಯಾಯಕ್ಕೊಳಗಾದ ಹೆಣ್ಣೊಬ್ಬಳ ಸಿಟ್ಟನ್ನು ಗೆದ್ದವರ ಮನೆಯೇ ನೆನಪಿಟ್ಟುಕೊಂಡಿರುವುದು ದೊಡ್ಡ ವಿಷಯ. ಆದರೆ ಪೂಜೆಯ ನಿಜವನ್ನು ಮರಳಿನ ನಿಜಕ್ಕೆ ಸಾಕ್ಷಿಯಾಗಿ ತರಲಾಗದು.

ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ಟಿಪ್ಪುವಿನದೋ ನಾಲ್ವಡಿಯವರದೋ ಎಂಬ ವಾದದಲ್ಲಿ ಕಲ್ಲೇ ಸಾಕ್ಷಿ. 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಈ ಕಟ್ಟೆಯ ಜಾಗದಲ್ಲಿ ಟಿಪ್ಪುವಿನ ಪರ್ಷಿಯನ್ ಶಾಸನ ಸಿಕ್ಕಿತು. ಇಂಥ ಶಾಸನವನ್ನು ಬರಿಗಣ್ಣಿನಿಂದ ಓದಿ ಮುಗಿಸುವುದಿಲ್ಲ, ಪಡಿಯಚ್ಚು ತೆಗೆಯುತ್ತಾರೆ. ಕಲ್ಲನ್ನು ನೀರು, ಕುಂಚದಿಂದ ತೊಳೆದು, ನೆನೆಸಿದ ಕಾಗದ ಹಾಸಿ, ಅಕ್ಷರದ ತಗ್ಗಿಗೆ ಇಳಿಯುವಂತೆ ಬ್ರಷ್‌ನಿಂದ ಬಡಿದು, ಇನ್ನೇನು ಒಣಗುತ್ತದೆ ಎನ್ನುವಾಗ ಮಸಿ ಹಚ್ಚಿದ ಬಟ್ಟೆಯುಂಡೆಯಿಂದ ಮೆಲ್ಲಗೆ ತಟ್ಟಬೇಕು. ಕೊರೆದ ಅಕ್ಷರ ಬಿಳಿಯಾಗಿ ಉಳಿಯುತ್ತದೆ, ಉಬ್ಬು ಅಕ್ಷರ ಕಪ್ಪಾಗುತ್ತದೆ. ಕಾಗದ ಹಸಿಯಾಗಿದ್ದರೆ ಮಸಿ ಹರಡಿ ಅಕ್ಷರ ಕೂಡಿಕೊಳ್ಳುತ್ತದೆ, ತೀರ ಒಣಗಿದರೆ ಕಾಗದ ಎದ್ದುಬರುತ್ತದೆ, ಕಲ್ಲಿನ ಬಿರುಕೂ ಅಕ್ಷರದಂತೆ ಕಾಣಬಹುದು. ಕನ್ನಂಬಾಡಿ ಶಾಸನದ ವರ್ಷ 1221. ಹಿಜರಿ ಎಂದುಕೊಂಡರೆ ಅದು 1806ಕ್ಕೆ ಬೀಳುತ್ತದೆ. ಟಿಪ್ಪು ತೀರಿ ಏಳು ವರ್ಷವಾಗಿತ್ತು. ಅವನು ಬಳಸಿದ್ದು ತಾನೇ ಜಾರಿಗೆ ತಂದ ಮೌಲೂದಿ ಶಕೆ, ಅದರಂತೆ 1794. ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಒಂದು ಕಟ್ಟೆಯ ಅಡಿಪಾಯ ಹಾಕಿಸಿದ ಎಂಬುದು ಇದರಿಂದ ನಿಲ್ಲುತ್ತದೆ. ಈಗಿರುವ ಕಟ್ಟೆ ಅವನದು ಎಂಬುದು ನಿಲ್ಲುವುದಿಲ್ಲ. ಅದು ನಾಲ್ವಡಿಯವರ ಕಾಲದ್ದು. ಅವನಿಗೂ ಅಲ್ಲಿಗೂ ಸಂಬಂಧವೇ ಇಲ್ಲ ಎಂಬ ಎದುರು ನಂಬಿಕೆಯೂ ನಿಲ್ಲುವುದಿಲ್ಲ.

2023ರ ಮಾರ್ಚ್‌ನಲ್ಲಿ ಪ್ರಧಾನಿ ಬರುವ ಹೊತ್ತಿಗೆ ಮಂಡ್ಯದಲ್ಲಿ ಉರಿಗೌಡ, ನಂಜೇಗೌಡ ಎಂಬ ಹೆಸರಿನ ಕಮಾನು ಎದ್ದಿತು. ಟಿಪ್ಪುವನ್ನು ಕೊಂದವರು ಈ ಇಬ್ಬರು ಎಂಬ ಮಾತು ಅದರ ಹಿಂದಿತ್ತು. ವಿರೋಧ ಬಂದು ಹೆಸರು ಬದಲಾಯಿತು, ಸಿನಿಮಾ ಮಾಡುವ ಘೋಷಣೆಯೂ ಆಯಿತು. ಆಗ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ, ಶಾಸನ, ದಾಖಲೆ ಏನಿದೆಯೋ ಮೊದಲು ಒಟ್ಟುಮಾಡಿ ಎಂದರು, ಸಿನಿಮಾ ನಿಂತಿತು. ತಮ್ಮ ಒಕ್ಕಲಿಗ ಸಮುದಾಯಕ್ಕೆ ಹೆಮ್ಮೆ ತರುವಂಥ ಮಾತಿಗೇ ಪುರಾವೆ ಕೇಳಿದ ಈ ನಡೆಯನ್ನು ಮೆಚ್ಚಲೇಬೇಕು.

ಪುರಾವೆ ಇದ್ದರೆ ಎಲ್ಲಿರಬೇಕು ಎಂಬುದನ್ನೂ ಹೇಳಬಹುದು. 1799ರ ಮೇ 4ರ ಶ್ರೀರಂಗಪಟ್ಟಣದ ಕಾಳಗದ ಬಗ್ಗೆ ಬ್ರಿಟಿಷ್ ಅಧಿಕಾರಿಗಳ ಬರಹ ಮರುವರ್ಷವೇ ಅಚ್ಚಾಗಿದೆ. ಕೋಟೆ ಬಾಗಿಲಲ್ಲಿ ಹೆಣಗಳ ನಡುವೆ ಟಿಪ್ಪುವಿನ ದೇಹ ಸಿಕ್ಕಿದ ವಿವರ ಅಲ್ಲಿದೆ, ಕೊಂದವನ ಹೆಸರಿಲ್ಲ. ಒಡೆಯರ ಪಟ್ಟ ಮರಳಿ ಬಂದು ಪೂರ್ಣಯ್ಯನವರ ಆಡಳಿತ ಶುರುವಾದಾಗ, ಅಂಥ ಕೆಲಸ ಮಾಡಿದವರಿಗೆ ಭೂಮಿಯೋ ಉಂಬಳಿಯೋ ಸಿಗಬೇಕಿತ್ತು. ಸಿಕ್ಕಿದ್ದರೆ ಇನಾಂ ಲೆಕ್ಕದಲ್ಲಿ, ಗ್ರಾಮದ ಕಡತದಲ್ಲಿ, ಆಯಾ ಊರಿನ ವೀರಗಲ್ಲು ಅಥವಾ ದಾನಶಾಸನದಲ್ಲಿ ಹೆಸರು ಬರುತ್ತದೆ. ಹುಡುಕುವವರು ಮೊದಲು ನೋಡಬೇಕಾದದ್ದು 1799ರ ನಂತರದ ಮೊದಲ ಇಪ್ಪತ್ತು ಮೂವತ್ತು ವರ್ಷದ ಕಾಗದಗಳನ್ನು. ಕಳೆದ ಕೆಲವು ದಶಕಗಳಲ್ಲಿ ಒಬ್ಬರನ್ನೊಬ್ಬರು ನೋಡಿ ಬರೆದ ಹತ್ತು ಪುಸ್ತಕ ಸಿಕ್ಕರೂ ಅದು ಒಂದೇ ಸಾಕ್ಷಿ. ಆ ಕಾಲದ, ಒಂದನ್ನೊಂದು ಕಾಣದ ಎರಡು ಚೀಟಿ ಸಿಕ್ಕರೆ ಅವು ಎರಡು ಸಾಕ್ಷಿ.