ಬೋಲ್ಟ್ ಎಷ್ಟು ಹಿಗ್ಗಿದೆ ಅಂತ ಶಬ್ದ ಹೇಳುತ್ತದೆ

2009ರ ಆಗಸ್ಟ್ 17ರಂದು ಸೈಬೀರಿಯಾದ ಸಯಾನೋ-ಶುಶೆನ್‌ಸ್ಕಾಯಾ ಜಲವಿದ್ಯುತ್ ಕೇಂದ್ರದಲ್ಲಿ 2ನೇ ಟರ್ಬೈನಿನ ಮುಚ್ಚಳ ಕಿತ್ತುಹೋಗಿ ನೀರು ನುಗ್ಗಿತು. 75 ಜನ ಸತ್ತರು. ಆ ಮುಚ್ಚಳವನ್ನು ಹಿಡಿದಿದ್ದದ್ದು 80 ಸ್ಟಡ್‌ಗಳು, ಅಂದರೆ ತಲೆಯಿಲ್ಲದ ಬೋಲ್ಟ್‌ಗಳು. ತನಿಖೆಯಲ್ಲಿ ಪರೀಕ್ಷಿಸಿದ 49ರ ಪೈಕಿ 41ರಲ್ಲಿ, ಲೋಹ ದಣಿದು ಮೊದಲೇ ಬಿದ್ದ ಬಿರುಕುಗಳಿದ್ದವು. ಆರರ ಥ್ರೆಡ್ ಹಾಳಾಗಿರಲೇ ಇಲ್ಲ, ಅಂದರೆ ಅವಕ್ಕೆ ನಟ್ಟೇ ಇದ್ದಿರಲಿಕ್ಕಿಲ್ಲ.

ಬೋಲ್ಟ್ ಅಂದರೆ ಒಂದು ಗಟ್ಟಿ ಸ್ಪ್ರಿಂಗ್. ಬಿಗಿದಾಗ ಹಿಗ್ಗುತ್ತದೆ, ಮತ್ತೆ ಕುಗ್ಗಲು ಎಳೆಯುತ್ತದೆ, ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಎಳೆತ ಸಾಲದಿದ್ದರೆ ಯಂತ್ರದ ಪ್ರತಿ ಅದುರುವಿಕೆಯೂ ಬೋಲ್ಟಿನ ಮೇಲೇ ಬೀಳುತ್ತದೆ. ಆದರೆ ನಟ್ ತಿರುಗಿಸುವ ಬಲವನ್ನು (ಟಾರ್ಕ್) ಅಳೆಯುವ ಟಾರ್ಕ್ ವ್ರೆಂಚ್ ಈ ಎಳೆತವನ್ನು ತೋರಿಸುವುದಿಲ್ಲ. ನಾವು ಹಾಕುವ ಬಲದಲ್ಲಿ ನೂರಕ್ಕೆ ಸುಮಾರು 90 ಭಾಗ ನಟ್ಟಿನ ಕೆಳಗೆ ಮತ್ತು ಥ್ರೆಡ್‌ನಲ್ಲಿ ಉಜ್ಜಾಟಕ್ಕೇ ಹೋಗುತ್ತದೆ, ಹಿಗ್ಗಿಸಲು ಉಳಿಯುವುದು ಹತ್ತೇ ಭಾಗ. ಒಂದಕ್ಕೆ ಎಣ್ಣೆ ಇದೆ, ಇನ್ನೊಂದಕ್ಕೆ ತುಕ್ಕು ಹಿಡಿದಿದೆ ಅಂದರೆ ಒಂದೇ ಟಾರ್ಕ್‌ಗೆ ಎಳೆತ ಬೇರೆಬೇರೆ ಆಗುತ್ತದೆ, ಅಲ್ವಾ?

ಹಿಗ್ಗಿದಷ್ಟೂ ಎಳೆತ ಜಾಸ್ತಿ ಅನ್ನುವುದನ್ನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲೇ ಬರೆದಿದ್ದ. ಹಾಗಾದರೆ ಉದ್ದವನ್ನೇ ಅಳೆದರಾಯಿತು. ಆದರೆ ಮೈಕ್ರೋಮೀಟರಿಗೆ ಎರಡೂ ತುದಿ ಸಿಗಬೇಕು, ಬ್ಲಾಕಿನೊಳಗೆ ಹೂತ ಸ್ಟಡ್ಡಿಗೆ ಒಂದೇ ತುದಿ ಸಿಗುವುದು. 1928ರಲ್ಲಿ ಲೆನಿನ್‌ಗ್ರಾಡಿನ ವಿಜ್ಞಾನಿ ಸೆರ್ಗೆಯ್ ಸೊಕೊಲೊವ್ ಲೋಹದೊಳಗಿನ ದೋಷವನ್ನು ಕಿವಿಗೆ ಕೇಳದ ಶಬ್ದದಿಂದ (ಅಲ್ಟ್ರಾಸೌಂಡ್) ಹುಡುಕಬಹುದು ಅಂದರು. 1940ರ ದಶಕದಲ್ಲಿ ಅಮೆರಿಕದ ಫ್ಲಾಯ್ಡ್ ಫೈರ್‌ಸ್ಟೋನ್ ಪ್ರತಿಧ್ವನಿ ಹಿಡಿಯುವ ಉಪಕರಣ ಮಾಡಿದರು. ಮೊದಲು ಅದು ಬಿರುಕಿಗಷ್ಟೇ, ಉದ್ದ ಅಳೆಯುವುದು ಆಮೇಲೆ ಬಂತು.

ಕೆಲಸ ಹೀಗೆ: ಬೋಲ್ಟಿನ ತಲೆ ಒರೆಸಿ, ಒಂದು ಹನಿ ಜೆಲ್ ಹಚ್ಚಿ, ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುವ ಪ್ರೋಬ್ ಇಡುವುದು. ಶಬ್ದ ಆಚೆ ತುದಿಗೆ ಬಡಿದು ಮರಳುತ್ತದೆ. 200 ಮಿ.ಮೀ. ಉಕ್ಕಿನ ಬೋಲ್ಟಿಗೆ ಸುಮಾರು 68 ಮೈಕ್ರೋಸೆಕೆಂಡ್. ಬಿಗಿಯುವ ಮೊದಲು ಒಂದು ಸಲ, ಬಿಗಿದ ಮೇಲೆ ಒಂದು ಸಲ ಅಳೆದರೆ ಸಮಯದ ವ್ಯತ್ಯಾಸ ಸಿಗುತ್ತದೆ.

ಆದರೆ ಎಳೆತಕ್ಕೆ ಸಿಕ್ಕ ಉಕ್ಕಿನಲ್ಲಿ ಶಬ್ದವೇ ನಿಧಾನವಾಗುತ್ತದೆ. ಈ ಸಂಬಂಧವನ್ನು 1953ರಲ್ಲಿ ಹ್ಯೂಸ್ ಮತ್ತು ಕೆಲ್ಲಿ ಅನ್ನುವ ವಿಜ್ಞಾನಿಗಳು ಲೆಕ್ಕಕ್ಕೆ ತಂದರು. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹಿಗ್ಗಿದ್ದು ನಿಜಕ್ಕಿಂತ ಸುಮಾರು ಮೂರು ಪಟ್ಟು ಕಾಣುತ್ತದೆ. ಬಿಸಿಯಾದರೂ ಶಬ್ದ ನಿಧಾನವೇ, ಅದಕ್ಕೆ ತಾಪಮಾನವನ್ನೂ ಬರೆದಿಡಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆ ಮೊದಲ ಅಳತೆ. ಅದನ್ನು ಬರೆದಿಟ್ಟಿಲ್ಲ ಅಂದರೆ, ವರ್ಷಗಳಿಂದ ಬಿಗಿದೇ ಇರುವ ಸ್ಟಡ್ಡಿನ ಎಳೆತ ತಿಳಿಯಲು ಯಂತ್ರ ನಿಲ್ಲಿಸಿ, ನಟ್ ಸಡಿಲಿಸಿ, ಅಳೆದು ಮತ್ತೆ ಬಿಗಿಯಬೇಕು.